ಕಾಟು ಬೀಳದ ಪ್ರತಿ

"ಇವತ್ತು ಮಧ್ಯಾಹ್ನದ ಮೀಟಿಂಗಲ್ಲಿ ನನ್ನ ಕೆಲಸ ಹೋಗುತ್ತೆ ಮೇಡಂ," ಎಂದಳು ವಂದನಾ, ಚಪ್ಪಲಿ ಬಿಡುವ ಮೊದಲೇ.

ಕೆಂಪಾಪುರದ ಆ ಮನೆಯಲ್ಲಿ ಕಾಫಿಗೆ ಕಾದಿದ್ದ ಶ್ರೀಕಾಂತ್ ಪೇಪರ್ ಮಡಿಸಿಟ್ಟರು. ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಉದ್ಯೋಗ ಎರಡೇ: ಪಕ್ಕದ ಮನೆಯ ಪುಟ್ಟಲಕ್ಷ್ಮಿಯವರ ಕಾಫಿ ಕುಡಿಯುವುದು, ಅವರು ಪತ್ತೆ ಹಚ್ಚಿದ್ದು ತಮಗೂ ಮೊದಲೇ ಗೊತ್ತಿತ್ತು ಎನ್ನುವುದು. ಪುಟ್ಟಲಕ್ಷ್ಮಿ ವೈದ್ಯಕೀಯ ಗ್ರಂಥಾಲಯದಲ್ಲಿ ಆಯುಷ್ಯ ಸವೆಸಿದವರು. ತನ್ನ ಜಾಗದಲ್ಲಿಲ್ಲದ ಪುಸ್ತಕ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಬಡಾವಣೆಯಲ್ಲಿ ಒಡವೆ ಕಳೆದರೂ ಸುಳ್ಳು ಹುಟ್ಟಿದರೂ ಜನ ತಟ್ಟುತ್ತಿದ್ದುದು ಅವರ ಬಾಗಿಲನ್ನೇ.

ವಂದನಾ ಅವರ ಹಳೆಯ ಶಿಷ್ಯೆ. ಈಗ ಹೆಬ್ಬಾಳದ ಹತ್ತಿರದ ಒಂದು ಮೆಡಿಕಲ್ ಕಾಲೇಜಿನ ಗ್ರಂಥಪಾಲಕಿ. ನಂಬಬಹುದಾದ ಸಂಶೋಧನೆಯನ್ನು ಕಂಪ್ಯೂಟರಿನಲ್ಲಿ ಹುಡುಕುವುದು ಹೇಗೆಂದು ಡಾಕ್ಟರುಗಳಿಗೆ ಕಲಿಸುವುದೂ ಅವಳ ಕೆಲಸ.

"ಹೋದ ವಾರದ ತರಬೇತೀಲಿ ಔಷಧದ ಪ್ರಮಾಣದ ಬಗ್ಗೆ ಒಂದು ಪ್ರಬಂಧ ಹಂಚಿದೆ. ತಪ್ಪು ಅಂತ ಗೊತ್ತಾಗಿ ಪತ್ರಿಕೆಯವರೇ ವಾಪಸ್ ತಗೊಂಡಿದ್ದು ಅದು. ಆ ಸೂಚನೆ ಬೇಕಂತಲೇ ಮುಚ್ಚಿ ಜೆರಾಕ್ಸ್ ಮಾಡಿಸಿದ್ದೆ. ಕಾಫಿ ಆದ್ಮೇಲೆ ಡಾಕ್ಟರುಗಳೇ ಹುಡುಕಿ ಕಂಡುಹಿಡೀಬೇಕು, ಅವರವರ ಪ್ರತಿ ಮೇಲೆ ಕೆಂಪು ಶಾಯೀಲಿ ಗೆರೆ ಎಳೆದು ಕಾಟು ಹೊಡೀಬೇಕು. ಹೊಡೆದವರಿಗೆ ಮಾತ್ರ ಬಿಡುಗಡೆ."

"ಆಮೇಲೆ?" ಎಂದರು ಪುಟ್ಟಲಕ್ಷ್ಮಿ.

"ಡಾಕ್ಟರ್ ಪ್ರದ್ಯುಮ್ನ ಅದೇ ಪ್ರಬಂಧ ನಂಬಿ ವಾರ್ಡಲ್ಲಿ ಔಷಧ ಬರೆದಿದ್ದಾರೆ. ಫಾರ್ಮಸಿಯವರು ತಡೆದ್ರು, ರೋಗಿ ಪುಣ್ಯ. ಈಗ ಕೇಳಿದ್ರೆ, ತರಬೇತಿ ಆದ್ಮೇಲೆ ಒಂದು ದಿನ ಕೌಂಟರಲ್ಲಿ ನಾನೇ ಕೊಟ್ಟೆ ಅಂತಾರೆ. ಉಳಿದ ಪ್ರತಿಗಳನ್ನ ಅವತ್ತೇ ಹರಿದು ಹಾಕಿದ್ದೆ ಮೇಡಂ. ಯಾರು ನಂಬ್ತಾರೆ? ಮೆಷಿನ್ನೇ ಉತ್ತರ ಕೊಡುತ್ತೆ, ಲೈಬ್ರರಿಯನ್ ಯಾಕೆ ಅಂತ ಕಂಪ್ಯೂಟರ್ ವಿಭಾಗದ ನರೇಂದ್ರ ಬೇರೆ ಎಲ್ಲರ ಕಿವಿ ಊದ್ತಿದ್ದಾನೆ."

"ಹಾಗಾದ್ರೆ ಅವನೇ!" ಎಂದರು ಶ್ರೀಕಾಂತ್. "ಡಾಕ್ಟರ ಮೇಜಿನ ಮೇಲೆ ಇಟ್ಟಿರ್ತಾನೆ."

"ಕಾರ್ಖಾನೇಲೂ ಹಿಂಗೇ ಬೋಲ್ಟ್ ನೋಡದೆ ನಟ್ ಬಿಗೀತಿದ್ರೇನ್ರೀ? ಸ್ಕೂಟರ್ ತೆಗೀರಿ," ಎಂದರು ಪುಟ್ಟಲಕ್ಷ್ಮಿ.

ಗ್ರಂಥಾಲಯದ ಬಾಗಿಲಲ್ಲಿ ಶ್ರೀಕಾಂತರ ನೀರಿನ ಬಾಟಲಿಯನ್ನು ಇಸಿದುಕೊಂಡವನು ನರೇಂದ್ರನೇ. "ಒಳಗೆ ನೀರೂ ಬಿಡಲ್ಲ ಸರ್, ವಂದನಾ ಮೇಡಂ ರೂಲು. ತಿಂಡಿ ಏನಿದ್ರೂ ತರಬೇತಿ ಹಾಲಲ್ಲಿ. ಅವತ್ತು ಕಾಫಿ ಜೊತೆಗೆ ಗೇಟಿನ ಹತ್ರದ ಮುನಿಕೆಂಪಮ್ಮನ ಅಂಗಡಿ ವಡೆ ತರಿಸಿದ್ವಿ. ತಟ್ಟೆ ಸಾಲದೆ ಹಿಂದಿನ ಸಾಲಿನೋರು ಕೈಲಿದ್ದ ಪೇಪರ್ ಮೇಲೇ ಇಟ್ಕೊಂಡ್ರು."

"ಪಾಠ ನೆನಪಿದೆಯೇನಪ್ಪಾ?" ಎಂದರು ಪುಟ್ಟಲಕ್ಷ್ಮಿ.

"ಕಾಟು ಹೊಡೆದಿದ್ದು ನೆನಪಿದೆ ಮೇಡಂ. ವಡೆ ಚೆನ್ನಾಗಿ ನೆನಪಿದೆ."

ಪ್ರಿನ್ಸಿಪಾಲ್ ಅಶ್ವತ್ಥಪ್ಪನವರ ಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರ್ ಪ್ರದ್ಯುಮ್ನ ಕೊಟ್ಟಿದ್ದ ಪ್ರತಿ ಮೇಜಿನ ಮೇಲಿತ್ತು. ಪುಟ್ಟಲಕ್ಷ್ಮಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಡುವೆ ದುಂಡಗೆ ಒಂದು ಕಡೆ ಬೆಳಕು ಹಾಯುತ್ತಿತ್ತು. ಕಾಗದ ಕಳಪೆಯಿರಬೇಕು ಎಂದುಕೊಂಡರು ಶ್ರೀಕಾಂತ್.

"ಡಾಕ್ಟ್ರೇ, ತರಬೇತೀಲಿ ಕೊನೇವರೆಗೂ ಇದ್ರಾ?"

"ಇದ್ದೆ. ಎರಡು ಹೊತ್ತಿಗೂ ಸೈನ್ ಮಾಡಿದೀನಿ."

"ನಿಮಗೆ ಹಂಚಿದ ಪ್ರತಿ?"

"ಅಲ್ಲೇ ವಾಪಸ್ ಕೊಟ್ಟೆ."

"ಗುರುತು ಹಾಕಿ ಕೊಟ್ರಿ ತಾನೇ?"

"ಏನ್ ಗುರುತು?"

ನರೇಂದ್ರ ತಲೆಯೆತ್ತಿ ನೋಡಿದ.

"ನೋಡಿ ಸರ್," ಎಂದು ಪುಟ್ಟಲಕ್ಷ್ಮಿ ಪ್ರಿನ್ಸಿಪಾಲರ ಕಡೆ ತಿರುಗಿದರು. "ಇದು ವಡೆಯ ಎಣ್ಣೆ. ನೀರೂ ಹೋಗದ ಗ್ರಂಥಾಲಯದ ಕೌಂಟರಿಂದ ಬಂದ ಪ್ರತಿಗೆ ವಡೆ ಎಲ್ಲಿಂದ ಬರುತ್ತೆ? ಇದು ತರಬೇತೀಲಿ ಹಂಚಿದ ಪ್ರತಿ. ಕೊನೇವರೆಗೂ ಇದ್ದವರ ಪ್ರತಿ ಆಗಿದ್ರೆ ಕೆಂಪು ಕಾಟು ಇರ್ಬೇಕಿತ್ತು, ಇಲ್ಲ. ಅಂದ್ರೆ ಇದರ ಯಜಮಾನ ವಡೆ ತಿಂದು, ಪಾಠದ ಮೊದಲರ್ಧ ಜೇಬಿಗಿಟ್ಟುಕೊಂಡು ಎದ್ದುಹೋದವನು. ಕಾಟಿನ ಸುದ್ದಿಯೇ ಗೊತ್ತಿಲ್ಲದವರು ಈ ಕೋಣೇಲಿ ಒಬ್ಬರೇ."

ಪ್ರದ್ಯುಮ್ನ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ.

"ಸಂಜೆ ಆದ್ರೆ ಹೆಬ್ಬಾಳ ಫ್ಲೈಓವರ್ ಗೊತ್ತಲ್ಲ ಮೇಡಂ... ಎರಡು ಸೈನೂ ಒಟ್ಟಿಗೆ ಹಾಕಿ ಹೊರಟೆ. ಎಲ್ಲರೂ ಹಂಗೇ ಮಾಡ್ತಾರೆ. ಆಮೇಲೆ ವಾರ್ಡಲ್ಲಿ ಹಿಂಗಾದಾಗ... ನಾಚಿಕೆ ಆಯ್ತು."

"ಅರ್ಧ ಪಾಠಕ್ಕೆ ಎದ್ದು ಹೋಗೋದು ಈ ಊರಲ್ಲಿ ಅಪರಾಧ ಅಲ್ಲ ಡಾಕ್ಟ್ರೇ. ಆದ್ರೆ ನಿಮ್ಮ ಮಾನ ಉಳಿಸೋಕೆ ಈ ಹುಡುಗಿ ಅನ್ನ ಕಿತ್ಕೊಳ್ಳೋಕೆ ಹೊರಟ್ರಲ್ಲ," ಎಂದರು ಪುಟ್ಟಲಕ್ಷ್ಮಿ, ದನಿ ಏರಿಸದೆ.

ಅಶ್ವತ್ಥಪ್ಪ ವಂದನಾಳ ಕಡೆ ನೋಡಿದರು. "ನಿಮ್ಮ ಕೆಲಸದ ಮಾತು ಇಲ್ಲಿಗೆ ಮುಗೀತಮ್ಮ. ಆ ತರಬೇತಿ ಇನ್ನೊಂದ್ಸಲ ಮಾಡಿ. ನಾನೂ ಕೂರ್ತೀನಿ."

ವಂದನಾ ಕೈಚೀಲದಿಂದ ಕೆಂಪು ಪೆನ್ನು ತೆಗೆದು ಪ್ರದ್ಯುಮ್ನರ ಮುಂದಿಟ್ಟಳು. ಅವರು ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಎಣ್ಣೆ ಹೀರಿದ ಕಡೆ ಶಾಯಿ ಹಿಡಿಯಲಿಲ್ಲ. ಮತ್ತೆ ಮತ್ತೆ ಒತ್ತಿ ಎಳೆಯಬೇಕಾಯಿತು.

"ನನಗೆ ಆ ಎಣ್ಣೆ ಮೇಲೆ ಮೊದಲೇ ಅನುಮಾನ ಇತ್ತು," ಎಂದರು ಶ್ರೀಕಾಂತ್, ಮೆಟ್ಟಿಲು ಇಳಿಯುತ್ತ.

ಹಿಂದೆ ನರೇಂದ್ರ ಕೇಳುತ್ತಿದ್ದ: "ಮೇಡಂ, ಮುಂದಿನ ಸಲ ವಡೆ ಎಷ್ಟು ಹೊತ್ತಿಗೆ ಹೇಳ್ಲಿ?"

"ಕಾಟು ಹೊಡೆದ ಮೇಲೆ," ಎಂದಳು ವಂದನಾ.