ಶಾಸಕ ಲುಂಡ್ಬಿಯ ಕೆಂಪು ದೀಪ

ಮಾರ್ಷಲ್ ಇಡಾ ಪ್ರೂಯಿಟ್ ಕಪ್ಪು ಬಟ್ಟೆಯ ಒಂದು ತುದಿ ಹಿಡಿದರು, ಸಿಗ್ನಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮೇಜಿನ ಮೇಲೆ ಹಾಸಿ, ಸುಕ್ಕು ಬಿಡಿಸಿ, ಅಂಚು ಮಡಿಸಿದರು. ಅಧಿವೇಶನದ ನಡುವೆ ಶಾಸಕರು ತೀರಿಕೊಂಡರೆ ಈ ಸದನದಲ್ಲಿ ಹೀಗೆಯೇ. ಇಪ್ಪತ್ತೆರಡು ವರ್ಷ ಸಿಗ್ನಿಯ ಅಪ್ಪ ಅರ್ವಿಡ್ ಲುಂಡ್ಬಿ ಕೂತ ಜಾಗ ಅದು.

ಕೆಲಸ ಮುಗಿದ ಮೇಲೆ ಇಡಾ ಬಾಯಿಬಿಟ್ಟರು.

"ನಿಮ್ಮಪ್ಪ ನಿನ್ನೆ ವೋಟು ಹಾಕಿಲ್ಲಮ್ಮ."

"ಹಾಕಿದಾರಲ್ಲ ಮೇಡಂ! ಕೆಂಪು ದೀಪ ಹತ್ತಿತು ಅಂತ ರೇಡಿಯೋದಲ್ಲೇ ಹೇಳಿದ್ರು."

"ದೀಪ ಹತ್ತಿದ್ದು ನಿಜ. ಆದ್ರೆ ವೋಟಿನ ಗಂಟೆ ಹೊಡೆಯೋ ಮೊದಲೇ ಅವರು ಹೋಗಿದ್ರು. ಅಧಿವೇಶನಕ್ಕೆ ಅಂತ ತಗೊಂಡ ಬಾಡಿಗೆ ಕೋಣೇಲಿ. ಡಾಕ್ಟರ್ ಬರ್ಕೊಟ್ಟಿದಾರೆ."

ಸಿಗ್ನಿ ಬಟ್ಟೆಯಡಿಯ ಎರಡು ಗುಂಡಿಗಳ ಉಬ್ಬನ್ನು ಮುಟ್ಟಿ ನೋಡಿದಳು: ಹಸಿರು ಒತ್ತಿದರೆ ಪರ, ಕೆಂಪು ಒತ್ತಿದರೆ ವಿರೋಧ. ಸತ್ತವರು ಗುಂಡಿ ಒತ್ತುತ್ತಾರೆಯೇ?

ನಿನ್ನೆ ಮತಕ್ಕೆ ಬಂದಿದ್ದ ಮಸೂದೆ ಸಣ್ಣ ಊರುಗಳ ಆಸ್ಪತ್ರೆಗಳನ್ನು ಮುಚ್ಚುವುದಕ್ಕೆ. ಮುಚ್ಚುವ ಸಾಲಿನಲ್ಲಿ ಅವರ ಕೋಲ್ಡ್ ಫೋರ್ಕ್ ಊರಿನದೂ ಇತ್ತು. ಸೇತುವೆ ಹಾಕಿಸಿದವರು, ಶಾಲೆಗೆ ಬಸ್ಸು ತಂದವರು, ಯಾರ ಮನೆಯಲ್ಲಿ ಸಾವಾದರೂ ಹಿಮದಲ್ಲೇ ಗಾಡಿ ಓಡಿಸಿಕೊಂಡು ಬರುತ್ತಿದ್ದವರು ಅರ್ವಿಡ್. ಅಂಥವರು ಪಕ್ಷದ ಮಾತಿಗೆ ಕಟ್ಟುಬಿದ್ದು 'ಹಸಿರು ಒತ್ತುತ್ತೇನೆ' ಎಂದಾಗ ಊರು ಮುಖ ತಿರುಗಿಸಿತು. ಮನೆಯ ಬಾಗಿಲಿಗೆ ಯಾರೋ ಬಣ್ಣ ಎರಚಿದರು. ಚರ್ಚಿನಲ್ಲಿ ಸಿಗ್ನಿಯ ಪಕ್ಕ ಯಾರೂ ಕೂರಲಿಲ್ಲ.

ನಿನ್ನೆ ಕೆಂಪು ದೀಪ ಹತ್ತಿತು. ಒಂದೇ ಮತದಿಂದ ಮಸೂದೆ ಬಿತ್ತು. ಅರ್ವಿಡ್ ಸತ್ತ ಸುದ್ದಿ ಬೆನ್ನಿಗೇ ಬಂತು. ಸಂಜೆ ಪಾದ್ರಿ ಫೋನು ಮಾಡಿದ್ದರು – ಶನಿವಾರ ಮಣ್ಣಿಗೆ ಇಡೀ ಊರು ಬರುತ್ತದಂತೆ, ಹೆಂಗಸರೆಲ್ಲ ಅಡುಗೆ ಹೊತ್ತು ತರುತ್ತಾರಂತೆ.

"ಆ ಮತ ತೆಗೆದರೆ?" ಎಂದಳು ಸಿಗ್ನಿ.

"ಸಮ ಆಗುತ್ತೆ. ಸಮ ಆದ್ರೆ ಸಭಾಧ್ಯಕ್ಷರ ಮಾತು. ಅವರು ಹಸಿರು."

ಇಡಾ ಇಬ್ಬರಿಗೆ ಹೇಳಿಕಳಿಸಿದ್ದರು. ಮೊದಲು ಬಂದವರು ಎದುರು ಪಕ್ಷದ ರೋಸಲಿನ್ ಪೈಕ್. ಮಸೂದೆ ಬೀಳಿಸಲು ತಿಂಗಳೆಲ್ಲ ಗಂಟಲು ಹರಿದುಕೊಂಡವರು.

"ನನ್ನ ಮೇಲೆ ಅನುಮಾನ ತಾನೇ? ಲಾಭ ಆಗಿದ್ದು ನನಗೇ, ಒಪ್ಕೋತೀನಿ. ಆದ್ರೆ ಮಾರ್ಷಲ್, ನಾನು ಅರ್ವಿಡ್ ಪಕ್ಷದ ಈ ಸಾಲಿಗೆ ಕಾಲಿಟ್ಟಿದ್ರೆ ಇವರೆಲ್ಲ ಸುಮ್ನಿರ್ತಿದ್ರಾ? ಕೋಳಿಗೂಡಿಗೆ ನರಿ ನುಗ್ಗಿದ ಹಾಗೆ ಕೊಕ್ಕೊಕ್ಕೋ ಅಂತ ಎದ್ದುಬಿಡೋರು!"

"ಅದೂ ಸರಿ. ಹೋಗಿಬನ್ನಿ."

ಹಿಂದೆಯೇ ಕ್ಲೈಡ್ ಹ್ಯಾಸ್ಕೆಲ್ ಬಂದರು. ಅರ್ವಿಡ್‌ರದೇ ಪಕ್ಷದ ಸಚೇತಕ, ಮಸೂದೆಗೆ ಮತ ಕೂಡಿಹಾಕಿದವರು. ಅರ್ವಿಡ್‌ರ ಪಕ್ಕದ ಮೇಜು, ಅದೇ ಬಾಡಿಗೆ ಮನೆಯಲ್ಲಿ ಪಕ್ಕದ ಕೋಣೆ. ಸಿಗ್ನಿಗೆ ಸೈಕಲ್ಲು ಕಲಿಸಿದವರು.

"ಅಂಕಲ್..." ಎಂದಳು ಸಿಗ್ನಿ. ಅವರು ಅವಳ ಮುಖ ನೋಡಲಿಲ್ಲ.

"ಕ್ಲೈಡ್, ಪಕ್ಕದವರು ಕಾಫಿಗೆ ಎದ್ದುಹೋದ್ರೆ ಅವರ ಗುಂಡಿ ಯಾರು ಒತ್ತುತಾರೆ?" ಇಡಾ ಕೇಳಿದರು.

"ಪಕ್ಕದವರೇ. ನಿಯಮದಲ್ಲಿಲ್ಲ, ಆದ್ರೆ ಎಲ್ಲರೂ ಒತ್ತೋದೇ. ನೀವೂ ಕಣ್ಮುಚ್ಕೊಂಡೇ ಇರ್ತೀರಿ."

"ಮುಚ್ಕೊಂಡಿದ್ದೆ. ನಿನ್ನೆ ಒತ್ತಿದ್ದು ನೀವು."

"ನಾನಾ? ಬೀಳ್ಲಿ ಅಂತ ನನ್ನ ಮಸೂದೆಗೆ ನಾನೇ ಕೆಂಪು ಒತ್ತಲಾ? ಹುಚ್ಚಾ ನಿಮಗೆ?"

"ಎಲ್ಲರೂ ಹಾಗೇ ಅಂದ್ಕೊಂಡ್ರು. ಅದಕ್ಕೇ ನಿಮ್ಮ ಕಡೆ ಯಾರೂ ನೋಡ್ಲಿಲ್ಲ. ನಾನು ಬಾಗಿಲ ಹತ್ರ ನಿಂತಿದ್ದೆ, ನೋಡಿದೆ. ಒಂದು ಮತದಲ್ಲಿ ಬಿತ್ತು ಅಂದ ಕೂಡ್ಲೇ ಇಡೀ ಸದನ ತಲೆ ಎತ್ತಿ ಗೋಡೆ ಮೇಲಿನ ಫಲಕ ನೋಡ್ತು – ಯಾರಪ್ಪ ಕೈಕೊಟ್ಟವನು ಅಂತ. ಒಂದೊಂದು ಮತಕ್ಕೂ ಬಾಗಿಲು ಬಾಗಿಲು ತಟ್ಟಿದ ನೀವು ಮಾತ್ರ ತಲೆ ಎತ್ತಲಿಲ್ಲ. ಯಾಕೆ? ನೋಡೋದೇನಿತ್ತು, ನಿಮಗೆ ಗೊತ್ತಿತ್ತು."

ಕ್ಲೈಡ್ ತಮ್ಮ ಕುರ್ಚಿ ಎಳೆದು ಕೂತರು.

"ಇನ್ನೊಂದು," ಇಡಾ ನಿಲ್ಲಿಸಲಿಲ್ಲ. "ಮೊನ್ನೆ ಸಂಜೆ ತನಕ ಅರ್ವಿಡ್ ಹಸಿರು ಅಂತಲೇ ಹೇಳಿದ್ರು. ಅಲ್ವೇನಮ್ಮ?"

ಸಿಗ್ನಿ ತಲೆಯಾಡಿಸಿದಳು. ಫೋನಿನಲ್ಲಿ ಹಾಗೆಂದಿದ್ದರು. ಅವಳು ಅಳುತ್ತ ಫೋನು ಹಿಡಿದು ನಿಂತಿದ್ದಳು.

"ಅಂದ್ಮೇಲೆ ಅವರ ಮನಸ್ಸು ಬದಲಾಗಿದ್ದು, ನಿನ್ನೆ ಬೆಳಿಗ್ಗೆ ಅವರು ಬದುಕಿದ್ದಾಗ ಮಾತಾಡಿಸಿದವರಿಗೆ ಮಾತ್ರ ಗೊತ್ತು."

ಕ್ಲೈಡ್ ಕೈಚಾಚಿ ಪಕ್ಕದ ಮೇಜಿನ ಕಪ್ಪು ಬಟ್ಟೆಯ ಮೇಲೆ ಅಂಗೈ ಇಟ್ಟರು.

"ಕರಕೊಂಡು ಹೋಗೋಣ ಅಂತ ಬಾಗಿಲು ತೆಗೆದೆ," ಎಂದರು ಕ್ಲೈಡ್. "ಎದೆ ಹಿಡ್ಕೊಂಡು ಕೂತಿದ್ದ. ಡಾಕ್ಟರನ್ನ ಕರೀತೀನಿ ಅಂದೆ. ಬೇಡ ಅಂದ. 'ಆಂಬುಲೆನ್ಸ್ ಬಂದ್ರೆ ಸುದ್ದಿ ಸದನಕ್ಕೆ ಮುಟ್ಟುತ್ತೆ, ನನ್ನ ಗುಂಡಿಗೆ ಬೀಗ ಹಾಕ್ತಾರೆ. ನನ್ನ ಮಗಳು ಫೋನಲ್ಲಿ ಅತ್ತಳು ಕಣೋ. ಮೊದ್ಲು ಕೆಂಪು ಒತ್ತಿ ಬಾ, ಆಮೇಲೆ ಯಾರನ್ನ ಬೇಕಾದ್ರೂ ಕರಿ' ಅಂದ."

"ನೀವು ಕೇಳಿಬಿಟ್ರಾ?" ಎಂದರು ಇಡಾ.

"ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತವನು. ನನ್ನ ಹತ್ರ ಒಂದು ದಿನ ಏನೂ ಕೇಳಿದವನಲ್ಲ. ಮಲಗಿದಾನೆ, ಎಬ್ಬಿಸ್ಬೇಡಿ ಅಂತ ಮನೆಯೊಡತಿಗೆ ಹೇಳಿ ಬಂದೆ. ಒತ್ತಿದೆ, ಓಡಿದೆ. ಆಯಮ್ಮ ಆಗಲೇ ಮೆಟ್ಟಿಲ ಮೇಲೆ ಕೂತು ಅಳ್ತಿದ್ಲು."

"ಕೂಡ್ಲೇ ಕರೆಸಿದ್ರೆ ಉಳೀತಿದ್ರೇನೋ ಅಂತಾರೆ ಡಾಕ್ಟರ್."

"ಗೊತ್ತು." ಕ್ಲೈಡ್ ಅಂಗೈಯಿಂದ ಮುಖ ಒರೆಸಿಕೊಂಡರು. "ಮಗೂ, ಅವನನ್ನ ಕೊಂದಿದ್ದು ನಾನೇ."

ಸಿಗ್ನಿ ಅದೇ ಊರ ಆಸ್ಪತ್ರೆಯ ನರ್ಸು. ಎದೆನೋವಿನವರನ್ನು ಕೈಹಿಡಿದು ಕೂರಿಸಿದವಳು. ಅಪ್ಪನ ಕೈಯನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ಕ್ಲೈಡ್ ಮೇಲೆ ಕಿರುಚಬೇಕೆನ್ನಿಸಿತು.

ಇಡಾ ಟೋಪಿ ಕೈಗೆತ್ತಿಕೊಂಡರು. "ನಾನು ಸಭಾಧ್ಯಕ್ಷರ ಹತ್ರ ಹೋಗ್ಬೇಕು. ಇದನ್ನ ಮುಚ್ಚಿಡೋಕೆ ನನಗೆ ಅಧಿಕಾರ ಇಲ್ಲಮ್ಮ."

ಇಡಾ ಹೋದರೆ ಬಿದ್ದ ಮಸೂದೆ ಏಳುತ್ತದೆ, ಆಸ್ಪತ್ರೆ ಮುಚ್ಚುತ್ತದೆ, ಊರು ಮತ್ತೆ ಮುಖ ತಿರುಗಿಸುತ್ತದೆ. ಶನಿವಾರ ಚರ್ಚಿನಲ್ಲಿ ಪಾದ್ರಿ, ಪೆಟ್ಟಿಗೆ, ಅವಳು – ಅಷ್ಟೇ.

"ಮೇಡಂ," ಸಿಗ್ನಿ ಅಡ್ಡ ನಿಂತಳು. "ಮಣ್ಣಾಗೋ ತನಕ ಯಾರಿಗೂ ಹೇಳ್ಬೇಡಿ."

ಇಡಾ ಟೋಪಿಯ ಅಂಚನ್ನೇ ನೋಡುತ್ತ ನಿಂತರು. ಕ್ಲೈಡ್ ತಲೆ ಎತ್ತಲಿಲ್ಲ.

"ಶನಿವಾರದ ತನಕ, ಮೇಡಂ. ಅಷ್ಟೇ."