ಯಾವ ಹಳ್ಳಿ?

ನಾಲ್ಕಕ್ಕೆ ಬರಬೇಕಾದವಳು ನಾಲ್ಕೂ ಹತ್ತಾದರೂ ಬರಲಿಲ್ಲ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಾರೇಶ ನೀರಿಳಿಯುವ ರೇನ್‌ಕೋಟಿನಲ್ಲೇ ಅತ್ತಿಂದಿತ್ತ ತಿರುಗುತ್ತಿದ್ದ. ಬಂದ ಬಸ್ಸಿನ ಕಿಟಕಿಗಳನ್ನೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಕೂಡ್ಲಿಗಿಯಿಂದ ಹೊರಟಾಗ ತುಂತುರು, ಕೊಟ್ಟೂರು ದಾಟುವಷ್ಟರಲ್ಲಿ ಜಡಿಮಳೆ. ಹೊಲದ ಎರೆಮಣ್ಣು ರಸ್ತೆಗೆ ಹರಿದು ಬೈಕಿನ ಚಕ್ರ ಎರಡು ಸಲ ಜಾರಿತ್ತು. ಹೆಲ್ಮೆಟ್ಟಿನ ಗಾಜು ಒರೆಸಿ ಒರೆಸಿ ಸಾಕಾಗಿ ಮೇಲೆತ್ತಿದರೆ ಹನಿಗಳು ನೇರ ಕಣ್ಣಿಗೇ ಹೊಡೆಯುತ್ತಿದ್ದವು. ಆದರೂ ಅವನು ಎಲ್ಲೂ ನಿಂತಿರಲಿಲ್ಲ. ನಿಲ್ಲುವುದು ಅವನ ಜಾಯಮಾನವೇ ಅಲ್ಲ. ಐದು ತಾಲೂಕಿನ ಕಾಯಿನ್ ಬಾಕ್ಸ್ ಫೋನುಗಳ ರಿಪೇರಿ ಅವನ ಕೆಲಸ. ಮಳೆಗಾಲ ಬಂತೆಂದರೆ ಯಾವುದೋ ಊರಿನಲ್ಲಿ ಯಾವುದೋ ಡಬ್ಬಿ ಬಾಯಿ ಮುಚ್ಚಿಕೊಂಡು ಕೂತಿರುತ್ತಿತ್ತು.

ಮಾಗಳದ ಡಬ್ಬಿ ಮಾತ್ರ ತಿಂಗಳಿಗೆ ನಾಲ್ಕು ಸಲ ಕೆಡುತ್ತಿತ್ತು. ಜಂಬಕ್ಕನ ಕಿರಾಣಿ ಅಂಗಡಿಯ ಮುಂದಿನ ಆ ಫೋನು ಅಷ್ಟೊಂದು ಯಾಕೆ ಕೆಡುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಎದುರಿನ ಖಾಸಗಿ ಶಾಲೆಯಲ್ಲಿ ಯಶೋಧರಾ ಟೀಚರ್ ಇದ್ದಳು.

"ಫೋನ್ ಚಲೋ ಐತಲ್ರಿ, ಮತ್ಯಾಕ ಬಿಚ್ಚಾಕ ಹತ್ತೀರಿ?" ಎಂದು ಆಕೆ ಒಮ್ಮೆ ಒಂದೇ ಹುಬ್ಬು ಮೇಲೇರಿಸಿ ಕೇಳಿದ್ದಳು.

"ಮುಂದ ಕೆಡಬಾರ್ದಂತ್ರಿ."

"ಮನಷ್ಯಾರಿಗೂ ಹಿಂಗ ಮೊದ್ಲ ರಿಪೇರಿ ಮಾಡಿ ಇಡ್ತೀರೇನು?"

ಕೇಳಿದವಳು ನಗಲಿಲ್ಲ, ಕೆಳತುಟಿ ಕಚ್ಚಿಕೊಂಡು ಅವನನ್ನೇ ನೋಡುತ್ತ ನಿಂತಳು. ಅವನ ಕೈಯಲ್ಲಿದ್ದ ಸ್ಕ್ರೂ ಜಾರಿ ಚರಂಡಿಗೆ ಬಿತ್ತು. ಹೀಗೆ ಆರು ತಿಂಗಳು ಸ್ಕ್ರೂಗಳು ಬಿದ್ದವೇ ಹೊರತು ಮಾತು ಮಾತ್ರ ಬಾಯಿಂದ ಬೀಳಲಿಲ್ಲ.

ನಿನ್ನೆ ಆಕೆಯೇ ಕೂಡ್ಲಿಗಿಯ ಅವನ ಅಂಗಡಿಗೆ ಫೋನ್ ಮಾಡಿದ್ದಳು. ತಗಡಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು.

"ಸರ್ಕಾರಿ ನೌಕರಿ ಆತ್ರಿ. ನಾಡಿದ್ದು ಬಳ್ಳಾರಿಯಾಗ ಕೌನ್ಸೆಲಿಂಗ್, ಊರು ಆರಿಸ್ಬೇಕು. ಅದಕ್ಕ ಮೊದ್ಲ ನಿಮ್ಮನ್ನೊಂದು ಮಾತು ಕೇಳೂದೈತಿ. ನಾಳಿ ನಾಕಕ್ಕ ಎಚ್.ಪಿ. ಹಳ್ಳಿ ಬಸ್‌ಸ್ಟ್ಯಾಂಡಿಗಿ ಬರ್ರಿ. ನಾಕೂವರಿ ಬಸ್ಸಿಗಿ ಹೋಗ್ತೀನಿ. ನೀವು ಬರ್ಲಿಲ್ಲಂದ್ರ, ನಿಮ್ಮ ಉತ್ತರ ಅದ ಅಂತ ತಿಳ್ಕೊಂತೀನಿ."

ಹಾಕಿದ ಕಾಯಿನ್ ಮುಗಿದು ಫೋನ್ ಕಟ್ಟಾಗಿತ್ತು.

ಈಗ ನಾಲ್ಕೂಕಾಲು. ತಡೆಯಲಾರದೆ ಮಾರೇಶ ಕರಿಸಿದ್ದಪ್ಪನ ಎಸ್‌ಟಿಡಿ ಬೂತಿಗೆ ನುಗ್ಗಿ ಮಾಗಳಕ್ಕೆ ಫೋನ್ ತಿರುಗಿಸಿದ. ಜಂಬಕ್ಕ ಎತ್ತಿದಳು.

"ಟೀಚರಾ? ಮಧ್ಯಾಹ್ನನ ಹಳ್ಳಿಗಿ ಹೋಗ್ಯಾಳಪ್ಪ."

"ಯಾವ ಹಳ್ಳಿ, ಜಂಬಕ್ಕ?"

"ಇನ್ಯಾವ ಹಳ್ಳಿ? ಎಚ್.ಬಿ. ಹಳ್ಳಿ! ಬಳ್ಳಾರಿಗಿ ಹೋಗಾಕಿ ಹರಪನಹಳ್ಳಿಗ್ಯಾಕ ಹೋಗ್ತಾಳ?"

ನಿನ್ನೆ ಮಳೆಯ ಸದ್ದಿನಲ್ಲಿ ಮಾರೇಶನಿಗೆ ಬಿ ಅಂದದ್ದು ಪಿ ಎಂದು ಕೇಳಿಸಿತ್ತು. ಹಗರಿಬೊಮ್ಮನಹಳ್ಳಿಗೆ ಇನ್ನೂ ಐವತ್ತು ಕಿಲೋಮೀಟರ್ ಮಳೆ, ಉಳಿದಿರುವುದು ಹದಿನೈದು ನಿಮಿಷ. ಹಾರಿದರೂ ಮುಟ್ಟುವಂತಿರಲಿಲ್ಲ. ತಾನು ಒಲ್ಲೆ ಎಂದನೆಂದೇ ತಿಳಿದು ಆಕೆ ಬಸ್ ಹತ್ತಿಬಿಡುತ್ತಾಳೆ.

ಆಗ ಹೊಳೆಯಿತು. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಕಂಬಕ್ಕೆ ತಗುಲಿಹಾಕಿದ ಡಬ್ಬಿಯೂ ಅವನ ರಿಪೇರಿಯದೇ. ಐದು ತಾಲೂಕಿನ ಡಬ್ಬಿಗಳ ನಂಬರೂ ಅವನಿಗೆ ಬಾಯಿಪಾಠ. ತಿರುಗಿಸಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ತಿರುಗಿಸಿದ. ಬಾಳೆಹಣ್ಣು ಮಾರುವ ಕೆಂಚಕ್ಕ ಎತ್ತಿ "ಯಾರದು?" ಎಂದು ಗದರಿದಳು.

"ಯವ್ವಾ, ನಾನು ಫೋನ್ ರಿಪೇರಿ ಮಾರೇಶ. ಅಲ್ಲಿ ಟೀಚರಮ್ಮ ಒಬ್ರು ಅದಾರೇನು? ಬಳ್ಳಾರಿ ಬಸ್ಸಿಗಿ ನಿಂತಿರ್ತಾರ. ಲಗೂನ ಕರಿಯವ್ವಾ!"

ಬಸ್ಸಿನ ಹಾರನ್ನು, ಮಳೆ, ಯಾರೋ ಕೂಗಿದ್ದು. ಆಮೇಲೆ "ಹಲೋ" ಎಂಬ ದನಿ. ಅದರಲ್ಲಿ ದಿನದ ತುಂಟತನ ಇರಲಿಲ್ಲ.

"ನಾನ್ರಿ, ಮಾರೇಶ. ಹರಪನಹಳ್ಳ್ಯಾಗ ಅದೀನಿ."

"ಅಲ್ಲೇನು ಮಾಡಾಕ ಹತ್ತೀರಿ?"

"ನಿಮ್ಮನ್ನ ಕಾಯಾಕ ಹತ್ತೀನ್ರಿ! ಎಚ್.ಪಿ. ಅಂದಿರಲ್ಲ."

"ಬಿ ಅಂದೆ! ಬೊಮ್ಮನಹಳ್ಳಿ ಬಿ!" ಎಂದವಳು ಮರುಗಳಿಗೆಯೇ ನಕ್ಕುಬಿಟ್ಟಳು. "ಊರ ಮಂದಿ ಫೋನೆಲ್ಲ ರಿಪೇರಿ ಮಾಡ್ತೀರಿ, ನಿಮ್ಮ ಕಿವಿ ಯಾರು ರಿಪೇರಿ ಮಾಡ್ಬೇಕು?"

"ಏನೋ ಕೇಳೂದೈತಿ ಅಂದಿದ್ರಿ. ಈಗ ಕೇಳ್ರಿ."

"ಬಸ್ ಬಂದು ನಿಂತೈತ್ರಿ. ಸಿರುಗುಪ್ಪ ಕಡಿ ಭಾಳ ಶಾಲಿ ಖಾಲಿ ಅದಾವು. ಕೂಡ್ಲಿಗಿ ಕಡಿ ಎರಡ ಅದಾವು." ಆಕೆಯ ದನಿ ತಗ್ಗಿತು. "ನಾನು ಯಾವುದು ಆರಿಸ್ಲಿ?"

ಮಳೆಗೆ ಹೆದರಿ ಒಳಗೆ ನಿಂತ ಹತ್ತು ಜನ ಅವನ ಬೆನ್ನಿಗೇ ಅಂಟಿದ್ದರು.

"ಕೂಡ್ಲಿಗಿ," ಎಂದ ಮೆಲ್ಲಗೆ.

"ಕೇಳಸವಲ್ದು."

"ಕೂಡ್ಲಿಗಿ ಆರಿಸ್ರಿ! ನನಗ ನೀವು ಬೇಕು! ಈ ಮಾತು ಹೇಳಾಕ ಆಗ್ದ ಆರು ತಿಂಗಳಿಂದ ಚಲೋ ಇದ್ದ ಫೋನ್ ಬಿಚ್ಚಿ ಕೂಡ್ಸಾಕ ಹತ್ತೀನಿ!"

ಬೂತಿನಲ್ಲಿದ್ದವರೆಲ್ಲ ಕತ್ತು ಚಾಚಿ ಅವನ ಮುಖ ನೋಡಿದರು. ಕರಿಸಿದ್ದಪ್ಪ ಬೀಡಿ ಕೈಯಲ್ಲಿ ಹಿಡಿದುಕೊಂಡೇ ಕೂತ. ಅತ್ತ ಕಡೆಯಿಂದ ಬಸ್ಸಿನ ಎಂಜಿನ್ ಗುರ್ರೆಂದು ದೂರವಾದದ್ದು ಮಾತ್ರ ಕೇಳಿಸಿತು. ಹೋಗಿಬಿಟ್ಟಳು ಅಂದುಕೊಂಡ.

"ಬಸ್ ಹೋತು," ಎಂದಳು ಯಶೋಧರಾ.

"ಅಯ್ಯ, ನಾಳಿ ಕೌನ್ಸೆಲಿಂಗ್..."

"ಆರೂವರಿಗಿ ಇನ್ನೊಂದೈತಿ."

"ಹಂಗಾರ ಹೊಂಟೆ! ಒಂದ ತಾಸಿನ್ಯಾಗ ಅಲ್ಲಿರ್ತೀನಿ."

"ಅವಸರ ಮಾಡಬ್ಯಾಡ. ರಸ್ತಿ ಜಾರತೈತಿ." ಮತ್ತೆ ಆಕೆಯೇ ಹೇಳಿದಳು, "ನಿಧಾನ ಬಾ."

ಬರ್ರಿ ಅಲ್ಲ, ಬಾ. ಫೋನ್ ಇಟ್ಟಮೇಲೂ ಅವನ ಕೈ ರಿಸೀವರಿನ ಮೇಲೇ ಇತ್ತು. ಹೊರಗೆ ಮಳೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಮಾರೇಶ ರೇನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಏನೇ ಆದರೂ ನಲವತ್ತರ ಮೇಲೆ ಓಡಿಸಬಾರದೆಂದುಕೊಂಡು ಕಿಕ್ ಹೊಡೆದ.