ಚಿನ್ನದ ತಗಡು, ನಾಲ್ಕು ಅಕ್ಕಿಕಾಳು

ರಮಾನಂದ ಪಾತಾಳಕ್ಕೆ ಹನ್ನೊಂದು ಸಲ ಹೋಗಿ ಹನ್ನೆರಡು ಸಲ ವಾಪಸು ಬಂದವರು. ಅದು ಹೇಗೆ ಎಂದು ಕೇಳಿದರೆ, ಒಂದು ಸಲ ಮೈ ಮೊದಲು ಬಂತು, ಜೀವ ಆಮೇಲೆ ಬಂತು ಎನ್ನುತ್ತಿದ್ದರು. ಗ್ರೀಕರ ಯಮನಾದ ಹೇಡೀಸ್ ತನ್ನ ಮಾಯದ ಟೋಪಿ ತೆಗೆದು ಇವರಿಗೆ ಕೈಮುಗಿದಿದ್ದನಂತೆ. ಸತ್ತವರನ್ನು ದಾಟಿಸುವ ದೋಣಿಯವನು ಇವರ ಹತ್ತಿರ ಕಾಸು ಮುಟ್ಟಲಿಲ್ಲವಂತೆ. ಮೂರು ತಲೆಯ ನಾಯಿಗೆ ತಲೆಗೊಂದರಂತೆ ಕೋಡುಬಳೆ ಹಾಕಿ ಒಳಗೆ ನುಗ್ಗಿದ್ದರಂತೆ. ಸ್ವೀಡನ್ನಿನ ಉಪ್ಸಾಲಾದಲ್ಲಿ, ಪುರಾತನ ವಸ್ತುಗಳ ಪುಟ್ಟ ಸಂಗ್ರಹಾಲಯವೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕಾವಲುಗಾರರಾಗಿದ್ದು, ಬಂದ ಶಾಲಾಮಕ್ಕಳಿಗೆಲ್ಲ ಇದನ್ನೇ ಹೇಳಿ ಹೇಳಿ, ಅವರ ಕತೆಯ ಮೇಲೆ ಅವರಿಗೇ ಭಕ್ತಿ ಹುಟ್ಟಿತ್ತು.

2006ರ ನವೆಂಬರ್ 22, ಬುಧವಾರ. ಬೆಳಿಗ್ಗೆ 9.40ಕ್ಕೆ ಠಾಣೆಗೆ ದೂರು ತಲುಪಿತು. ದೂರುದಾರಳು ಶ್ರಾವಣಿ, ಸಂಶೋಧನಾ ವಿದ್ಯಾರ್ಥಿನಿ. ನೆಲಮಾಳಿಗೆಯ ಏಳನೇ ಡ್ರಾಯರಿನಲ್ಲಿದ್ದ ಗ್ರೀಕ್ ಚಿನ್ನದ ತಗಡು ಕಾಣೆಯಾಗಿದೆ. ಅಗಲ ಎರಡು ಬೆರಳು, ವಯಸ್ಸು ಇಪ್ಪತ್ಮೂರು ಶತಮಾನ. ಕಾನ್ಸ್‌ಟೇಬಲ್ ಲಾರ್ಸ್, ನಮ್ಮ ಕಡೆ ಎಫ್‌ಐಆರ್ ಎನ್ನುವ ವರದಿಯನ್ನು ಬರೆದುಕೊಂಡ. 10.25ಕ್ಕೆ ಅವನೊಂದಿಗೆ ಇನ್‌ಸ್ಪೆಕ್ಟರ್ ಭೂಮಿ ಸ್ಥಳಕ್ಕೆ ಬಂದಳು.

ರಮಾನಂದರಿಗೆ ಬೇಕಾಗಿದ್ದದ್ದು ಎರಡೇ ದಿನ. ಅವರ ಹೆಂಡತಿ ಕುಮುದಾ ತೀರಿಕೊಂಡು ಮೂರು ವಾರವಾಗುತ್ತ ಬಂದಿತ್ತು. ಈ ದೇಶದಲ್ಲಿ ಸತ್ತವರೂ ದಹನಕ್ಕೆ ಸರದಿ ಕಾಯಬೇಕು. ಕುಮುದಾಳ ಸರದಿ ಶುಕ್ರವಾರ ಹನ್ನೊಂದಕ್ಕೆ. ಅಲ್ಲಿಯವರೆಗೆ ಪೊಲೀಸರನ್ನು ಮಾತಿನಲ್ಲೇ ಸುತ್ತಿಸಿದರೆ ಸಾಕು. ಮಾತಿನಲ್ಲಿ ತಮ್ಮನ್ನು ಗೆದ್ದವರು ಭೂಮಿಯ ಮೇಲೂ ಇಲ್ಲ, ಕೆಳಗೂ ಇಲ್ಲ.

“ಯಾವೂರಮ್ಮ ನಿಂದು?” ವಿಚಾರಣೆಯನ್ನು ಅವರೇ ಶುರುಮಾಡಿದರು.

“ಉಪ್ಸಾಲಾ.”

“ಅದಲ್ಲ, ಮೂಲ?”

“ಅಪ್ಪಂದು ದಾವಣಗೆರೆ. ಇನ್ನು ಪ್ರಶ್ನೆ ನಾನು ಕೇಳ್ಲಾ ಅಂಕಲ್?”

“ಕೇಳು, ಕೇಳು. ಈ ಕಟ್ಟಡದಲ್ಲಿ ನಂಗೊತ್ತಿಲ್ಲದ ಇಲಿ ಕೂಡ ಇಲ್ಲ.”

“ನಿನ್ನೆ ಕೆಳಗೆ ಯಾರು ಬಂದಿದ್ರು?”

“ಕಣ್ಣಿಗೆ ಕಂಡವರು ಯಾರೂ ಇಲ್ಲ. ಕಾಣದವನು ಬೇಕಾದ್ರೆ ಹೆಸರು ಹೇಳ್ತೀನಿ. ಹೇಡೀಸ್! ಟೋಪಿ ಹಾಕ್ಕೊಂಡ್ರೆ ದೇವರಿಗೂ ಕಾಣಲ್ಲ ಆಸಾಮಿ. ಆ ತಗಡು ಅವನೂರಿನ ದಾರಿ ಹೇಳೋ ಚೀಟಿ. ವಾಪಸ್ ತಗೊಂಡು ಹೋಗಿದಾನೆ.”

ಭೂಮಿ ಅದನ್ನು ಒಂದಕ್ಷರ ಬಿಡದೆ ಸ್ವೀಡಿಷ್‌ನಲ್ಲಿ ಹೇಳಿದಳು. ಆರೋಪಿಯ ವಿಳಾಸ ಏನೆಂದು ಬರೆಯಲಿ ಎಂದು ಲಾರ್ಸ್ ಕೇಳಿದ.

ತಗಡಿನಲ್ಲಿ ಏನಿತ್ತೆಂದು ಶ್ರಾವಣಿ ವಿವರಿಸಿದಳು. ಅದನ್ನು ಸತ್ತವರ ಜೊತೆ ಇಟ್ಟು ಹೂಳುತ್ತಿದ್ದರು. ಪಾತಾಳದಲ್ಲಿ ಬಿಳಿ ಸೈಪ್ರಸ್ ಮರದ ಕೆಳಗೊಂದು ಒರತೆ ಇದೆ; ಅದರ ನೀರು ಕುಡಿದರೆ ಎಲ್ಲ ಮರೆತುಹೋಗುತ್ತದೆ. ಬಾಯಾರಿದ್ದರೂ ಅಲ್ಲಿ ನಿಲ್ಲಬೇಡ, ಮುಂದೆ ನೆನಪಿನ ಕೊಳವಿದೆ, ಅಲ್ಲಿ ಕೇಳಿ ಕುಡಿ ಎಂದು ಬರೆದಿತ್ತು.

ಹನ್ನೊಂದಕ್ಕೆ ಪಂಚನಾಮೆಗಾಗಿ ಎಲ್ಲರೂ ಕೆಳಗಿಳಿದರು. ನೆಲಮಾಳಿಗೆಯ ಓಣಿ ಉದ್ದ, ಕಿರಿದು. ಜನ ನಡೆದ ಹಾಗೆ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ದೀಪಗಳ ದಾಖಲೆಯನ್ನು ಲಾರ್ಸ್ ಓದಿದ: ಮಂಗಳವಾರ 13.20ಕ್ಕೆ ಕೊನೆಯ ದೀಪದವರೆಗೆ ಹೊತ್ತಿವೆ. ಬೀಗದ ಕೈ ಪುಸ್ತಕದಲ್ಲಿ ಆ ಹೊತ್ತಿಗೆ ಯಾರ ಸಹಿಯೂ ಇಲ್ಲ.

ಅವನು ಓದಿ ಮುಗಿಸುವಾಗ, ಓಣಿಯ ಆ ತುದಿಯಲ್ಲಿ ಒಂದು ದೀಪ ತಾನಾಗಿ ಹೊತ್ತಿಕೊಂಡಿತು.

ಅಲ್ಲಿ ಯಾರೂ ಇರಲಿಲ್ಲ. ಗೋಡೆ ಮಾತ್ರ. ಈಚೆಗಿನ ಇನ್ನೊಂದು ದೀಪ ಹೊತ್ತಿತು. ಮತ್ತೊಂದು. ಕಾಲು ಎಳೆದು ನಡೆಯುವ ಮುದುಕಿಯೊಬ್ಬಳ ವೇಗದಲ್ಲಿ ಬೆಳಕು ಅವರ ಕಡೆಗೆ ಬಂತು, ರಮಾನಂದರಿಂದ ನಾಲ್ಕು ಹೆಜ್ಜೆ ಆಚೆ ನಿಂತಿತು, ಸ್ವಲ್ಪ ಹೊತ್ತು ಇದ್ದು ಆರಿಹೋಯಿತು. ಸೆನ್ಸರ್ ಹಳೆಯದು ಎಂದು ಲಾರ್ಸ್ ಬೇಡದಷ್ಟು ಜೋರಾಗಿ ಹೇಳಿದ. ಹನ್ನೊಂದು ಸಲ ಪಾತಾಳ ಕಂಡ ರಮಾನಂದ ಗೋಡೆ ಹಿಡಿದುಕೊಂಡರು.

ಡ್ರಾಯರಿನೊಳಗೆ, ತಗಡಿದ್ದ ಜಾಗದಲ್ಲಿ, ಬಿಳಿಯದೇನೋ ನಾಲ್ಕು ಬಿದ್ದಿದ್ದವು. ಹುಳದ ಮೊಟ್ಟೆ ಎಂದ ಲಾರ್ಸ್. ಭೂಮಿ ಚಿಮಟದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ನಾಲ್ಕನ್ನೂ ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ ಸಮಯ ಬರೆದಳು.

ಮೇಲೆ ಫೀಕಾಕ್ಕೆ, ಅಂದರೆ ಅಲ್ಲಿಯವರ ಕಾಫಿ ವಿರಾಮಕ್ಕೆ, ಕೂತಾಗ ಭೂಮಿ ಕಾಫಿ ಕಲಕುತ್ತ ಕೇಳಿದಳು: “ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?”

“ಒಂದೂವರೆಗೆ ರಜೆ ಹಾಕಿ ಹೊರಟೆ. ಮೂರು ಗಂಟೆಗೆ ಶವಾಗಾರದಲ್ಲಿ ನಮ್ಮನೆಯವಳ ಮುಖ ತೋರಿಸಿದ್ರು.”

“ಸಾರಿ ಅಂಕಲ್. ತುಂಬಾ ದಿನದಿಂದ ಹುಷಾರಿರ್ಲಿಲ್ವಾ?”

“ಮರೆವಿನ ಕಾಯಿಲೆ. ಆರೈಕೆ ಮನೇಲಿದ್ಲು. ದಿನಾ ಹೋಗ್ತಿದ್ದೆ! ಮೈನಸ್ ನಲವತ್ತರಲ್ಲಿ, ಮೀಸೆ ಮೇಲೆ ಮಂಜುಗಡ್ಡೆ ಕಟ್ಕೊಂಡು, ಸೈಕಲ್ ಮೇಲೆ. ಒಂದು ದಿನ ತಪ್ಪಿಸಿದ್ರೆ ಕೇಳು.”

“ಕೇಳ್ತೀನಿ,” ಎಂದಳು ಭೂಮಿ.

ಗುರುವಾರ ಮಧ್ಯಾಹ್ನ ಎರಡಕ್ಕೆ ಠಾಣೆಯಿಂದ ಕರೆ ಬಂತು. ಇಪ್ಪತ್ತೊಂದು ಗಂಟೆ ಬಾಕಿ. ರಮಾನಂದ ದಾರಿಯುದ್ದಕ್ಕೂ ಹೊಸ ಕತೆ ಹೆಣೆದುಕೊಂಡು ಹೋದರು. ಅದರಲ್ಲಿ ದೋಣಿಯವನಿಗೆ ಒಬ್ಬ ತಮ್ಮನೂ ಹುಟ್ಟಿಕೊಂಡಿದ್ದ.

ಭೂಮಿ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದಳು.

“ಇದೇನು?”

“ಹುಳದ ಮೊಟ್ಟೆ ಅಂದ್ನಲ್ಲ ನಿಮ್ಮ ಹುಡುಗ.”

“ಅಕ್ಕಿ ಅಂಕಲ್. ನಮ್ಮಜ್ಜಿ ಹೋದಾಗ ನಂಗೆ ಹನ್ನೆರಡು ವರ್ಷ. ಬಾಯಿಗೆ ಅಕ್ಕಿಕಾಳು ಹಾಕು ಅಂತ ಕೈ ಹಿಡಿದು ಹಾಕ್ಸಿದ್ರು. ಶವಾಗಾರಕ್ಕೆ ಫೋನ್ ಮಾಡಿದ್ದೆ. ಮಂಗಳವಾರ ನೀವು ಅಕ್ಕಿ ಹಾಕೋಕೆ ಪರ್ಮಿಷನ್ ಕೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಜೇಬಿನಿಂದ ಕೈಗವಸು ತೆಗೆಯುವಾಗ ಉದುರಿದೆ, ಅಲ್ವಾ?”

ರಮಾನಂದ ಬಾಯಿ ತೆರೆದರು. ದೋಣಿಯವನ ತಮ್ಮ ಬರಲಿಲ್ಲ.

“ಆರೈಕೆ ಮನೆಗೂ ಹೋಗಿದ್ದೆ,” ಭೂಮಿ ಒಂದು ಹಾಳೆ ಮುಂದೆ ತಳ್ಳಿದಳು. “ಭೇಟಿಯವರ ಪುಸ್ತಕ. ನಿಮ್ಮ ಕೊನೇ ಸಹಿ ಮಾರ್ಚ್ ಹನ್ನೊಂದು.”

ರಮಾನಂದ ಕೋಟಿನ ಒಳಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ತಗಡು ಮಿಣುಕುತ್ತಿತ್ತು, ಆಗತಾನೇ ಬಡಿದು ಮಾಡಿದ ಹಾಗೆ.

2.50ಕ್ಕೆ ಬಂಧನ ದಾಖಲಾಯಿತು. ಶುಕ್ರವಾರದ ಸಂಸ್ಕಾರಕ್ಕೆ ಲಾರ್ಸ್ ಜೊತೆ ಹೋಗಿಬರಲು ಅನುಮತಿ ಕೊಡುವುದೆಂದೂ ಬರೆದರು.

“ಹೇಳಿ. ಯಾಕೆ ತಗೊಂಡ್ರಿ?”

“ಐದು ವರ್ಷದಲ್ಲಿ ಒಂದೊಂದೇ ಮರೆತ್ಲಮ್ಮ ಅವಳು. ಮೊದ್ಲು ಸ್ವೀಡಿಷ್, ಆಮೇಲೆ ಮನೆ ದಾರಿ, ಆಮೇಲೆ ನಾನು. ‘ಯಾರು ನೀವು’ ಅನ್ನೋಳು. ದಿನಕ್ಕೊಂದು ಹೇಳ್ತಿದ್ದೆ. ರಾಜನ ಡ್ರೈವರ್ರು, ಹಡಗಿನ ಕ್ಯಾಪ್ಟನ್ನು... ನಗೋಳು. ಅಲ್ಲಾದ್ರೂ ನೆನಪಿನ ನೀರು ಸಿಗ್ಲಿ ಅಂತ ತಗೊಂಡೆ.”

“ಮತ್ತೆ ಹೋಗೋದು ಯಾಕೆ ಬಿಟ್ರಿ?”

“ಮಾರ್ಚಲ್ಲಿ ಒಂದಿನ, ‘ಆ ಕುರ್ಚಿ ಬಿಡಿ, ನಮ್ಮೆಜಮಾನ್ರು ಬರೋ ಹೊತ್ತು’ ಅಂದ್ಲು. ಎದ್ದು ಬಂದ್ಬಿಟ್ಟೆ. ಆಮೇಲೆ ದಿನಾ ಮಧ್ಯಾಹ್ನ ಆ ಕುರ್ಚಿ ಒರೆಸಿಟ್ಟು ಬಾಗಿಲು ನೋಡ್ತಿದ್ಲಂತೆ. ನರ್ಸ್ ಫೋನ್ ಮಾಡಿ ಹೇಳಿದ್ಲು. ಆದ್ರೂ ಹೋಗ್ಲಿಲ್ಲ.”

ಭೂಮಿ ತಗಡನ್ನು ನೋಡಿದಳು. “ಅಕ್ಕಿ ಹಾಕಿದ್ರಿ. ಇದನ್ನ ಇಡ್ಲಿಲ್ಲ. ಇಟ್ಟಿದ್ರೆ ನಾಳೆ ಅವರ ಜೊತೆ ಸುಟ್ಟು ಹೋಗ್ತಿತ್ತು, ನಮಗೆ ಸಿಗ್ತಾನೇ ಇರ್ಲಿಲ್ಲ.”

“ಕೈಲಿ ಹಿಡ್ಕೊಂಡು ನಿಂತಿದ್ದೆ. ಎಲ್ಲಾ ನೆನಪಾದ್ರೆ ಅದೂ ನೆನಪಾಗುತ್ತಲ್ಲಮ್ಮ. ಅಲ್ಲೂ ಕೂತು ಬಾಗಿಲು ನೋಡ್ತಾಳೆ.”

ಭೂಮಿ ಹೇಳಿಕೆಯನ್ನು ಟೈಪ್ ಮಾಡಿ ಗಟ್ಟಿಯಾಗಿ ಓದಿದಳು: “...ಸುಮಾರು ಎಂಟು ತಿಂಗಳು ಪತ್ನಿಯನ್ನು ಭೇಟಿಯಾಗಿರುವುದಿಲ್ಲ.”

“ಸುಮಾರು ಅಂತ ಬೇಡಮ್ಮ,” ಎಂದರು ರಮಾನಂದ. “ಅವಳು ಹೋಗೋ ತನಕ ಇನ್ನೂರ ಮೂವತ್ತೇಳು ದಿನ.”

ಭೂಮಿ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ಬೆರಳಿಟ್ಟು, ಮಾರ್ಚಿನಿಂದ ಎಣಿಸಿದಳು. ಒಂದು ದಿನವೂ ಹೆಚ್ಚಿರಲಿಲ್ಲ.